ಹೊಸ ಪ್ಲಾಟಿನ ನಳದ ನೀರಿಗೆ ಯಾರು ದುಡ್ಡು ಕೊಡಬೇಕು? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಲೆಕ್ಕ

'ಎನ್‌ಎ ಪ್ಲಾಟ್, ಡಾಂಬರ್ ರಸ್ತೆ, ನಳ, ಗಟಾರ, ಕರೆಂಟ್, ಎಲ್ಲ ಸೌಕರ್ಯ ಸಹಿತ.' ಇಂಥ ಜಾಹೀರಾತು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಬಾಗಲಕೋಟೆ ಜಿಲ್ಲೆಯ ಯಾವ ಊರಿನ ಹೊರವಲಯಕ್ಕೆ ಹೋದರೂ ನಿನ್ನೆಯವರೆಗೆ ಕಬ್ಬು ಇದ್ದ ಹೊಲದಲ್ಲಿ ಇಂದು ಬಿಳಿ ಬಣ್ಣ ಬಳಿದ ಗಡಿಕಲ್ಲು ಕಾಣುತ್ತವೆ. ಪ್ಲಾಟ್ ಕೊಳ್ಳುವವರು ಸಾಮಾನ್ಯವಾಗಿ ರಸ್ತೆ ಎಷ್ಟು ಅಗಲ, ಮೂಲೆ ಪ್ಲಾಟ್ ಹೌದೋ ಅಲ್ಲವೋ, ಉತಾರ ಸರಿಯಿದೆಯೇ ಎಂದು ಕೇಳುತ್ತಾರೆ. ಆ ನಳಕ್ಕೆ ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಈ ಎರಡು ಪ್ರಶ್ನೆಗಳ ಹಿಂದೆ ದೊಡ್ಡ ಹಣದ ಲೆಕ್ಕವಿದೆ. ಹೊಸ ಬಡಾವಣೆಯಿಂದ ಊರಿನ ನೀರು ಮತ್ತು ಒಳಚರಂಡಿ ವ್ಯವಸ್ಥೆಯ ಮೇಲೆ ಬೀಳುವ ಹೆಚ್ಚುವರಿ ಹೊರೆಗೆ ಒಂದೇ ಸಲ ಪಡೆಯುವ ಹಣವನ್ನು ಹಲವು ದೇಶಗಳಲ್ಲಿ 'ಇಂಪ್ಯಾಕ್ಟ್ ಫೀ' ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಸರಳವಾಗಿ 'ಪಾಲು ಶುಲ್ಕ' ಎಂದು ಕರೆಯೋಣ. ಇದರ ಬಗ್ಗೆ ಊರಲ್ಲಿ ಕೇಳಿಬರುವ ಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು, ಶುಲ್ಕವನ್ನು ನ್ಯಾಯವಾಗಿ ಲೆಕ್ಕ ಹಾಕುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

'ಹೊಳೆ ಪಕ್ಕದಲ್ಲೇ ಇದೆ, ನೀರಿಗೇಕೆ ದುಡ್ಡು?'

ಈ ಭಾಗದಲ್ಲಿ ಹೀಗೆ ಅನ್ನಿಸುವುದು ಸಹಜ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಗೆ ಕೃಷ್ಣೆ ಹತ್ತಿರ. ಮುಧೋಳ ಘಟಪ್ರಭೆಯ ದಂಡೆಯ ಊರು. ಬೀಳಗಿ ತಾಲ್ಲೂಕಿಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಆಲಮಟ್ಟಿಯ ಹಿನ್ನೀರೂ ಅಲ್ಲಿಯವರೆಗೆ ಚಾಚಿದೆ.

ಹೊಳೆಯಲ್ಲಿರುವ ನೀರಿಗೆ ನಾವು ಬೆಲೆ ಕೊಡುತ್ತಿಲ್ಲ ಎಂಬುದು ನಿಜ. ಬೆಲೆ ಇರುವುದು ಅದನ್ನು ಮನೆಗೆ ತರುವುದಕ್ಕೆ. ನದಿಯಲ್ಲಿ ಜಾಕ್‌ವೆಲ್ ಕಟ್ಟಬೇಕು, ಪಂಪು ಕೂರಿಸಬೇಕು, ಊರಿನವರೆಗೆ ದೊಡ್ಡ ಕೊಳವೆ ಹಾಕಬೇಕು, ಶುದ್ಧೀಕರಣ ಘಟಕ ಬೇಕು, ಎತ್ತರದ ಟಾಕಿ ಬೇಕು. ವಿದ್ಯುತ್ತಿನ ಲೆಕ್ಕವನ್ನೇ ನೋಡಿ. 10 ಲಕ್ಷ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಪಂಪು-ಮೋಟಾರಿನ ಒಟ್ಟು ದಕ್ಷತೆ ಶೇ 60 ಎಂದು ಹಿಡಿದರೆ, ಸುಮಾರು 450 ಯೂನಿಟ್ ಬೇಕು. ಇದು ಒಂದು ದಿನದ, ಅದೂ ಸಣ್ಣ ಪ್ರಮಾಣದ ನೀರಿನ ಲೆಕ್ಕ.

ಹೊಳೆ ಪಕ್ಕದಲ್ಲಿದ್ದರೆ ಸಾಲದು ಎಂಬುದನ್ನು ಬೇಸಿಗೆ ಪ್ರತಿ ಬಾರಿ ನೆನಪಿಸುತ್ತದೆ. ಏಪ್ರಿಲ್-ಮೇ ಬಂತೆಂದರೆ ಹಿಪ್ಪರಗಿ ಬ್ಯಾರೇಜಿನಲ್ಲಿ ಎಷ್ಟು ನೀರು ಉಳಿದಿದೆ, ಮಹಾರಾಷ್ಟ್ರ ಕೊಯ್ನಾದಿಂದ ನೀರು ಬಿಡುತ್ತದೆಯೇ ಎಂಬುದೇ ಈ ಊರುಗಳಲ್ಲಿ ಮಾತು. ಮೂಲದಲ್ಲಿ ನೀರು ಇಳಿದಾಗ ಪ್ರತಿ ಹೊಸ ಬಡಾವಣೆಯೂ ಅದೇ ನೀರಿಗೆ ಇನ್ನೊಬ್ಬ ಪಾಲುದಾರನನ್ನು ಸೇರಿಸಿರುತ್ತದೆ.

'ಬಡಾವಣೆಯಲ್ಲಿ ಪೈಪ್ ಹಾಕಿಸಿದ್ದಾರಲ್ಲ, ಮತ್ತೇನು?'

ಇಲ್ಲಿ ಮೂರು ಬೇರೆ ಬೇರೆ ಹಣಗಳು ಒಂದರೊಳಗೊಂದು ಬೆರೆತು ಗೊಂದಲ ಹುಟ್ಟಿಸುತ್ತವೆ. ಅವನ್ನು ಬಿಡಿಸಿ ನೋಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಮೊದಲನೆಯದು, ಬಡಾವಣೆಯ ಒಳಗಿನ ಕೊಳವೆ, ಗಟಾರ ಮತ್ತು ಮನೆಯ ನಳ ಜೋಡಿಸುವ ಖರ್ಚು. ಒಳಗಿನ ಕಾಮಗಾರಿ ಲೇಔಟ್ ಮಾಡುವವರದು, ನಳ ಜೋಡಣೆಯ ಶುಲ್ಕ ಮನೆ ಕಟ್ಟುವವರದು. ಎರಡನೆಯದು, ನಾವು ಕಟ್ಟುವ ನೀರಿನ ಕರ. ಅದು ಕರೆಂಟ್ ಬಿಲ್ಲು, ಆಲಂ, ಕ್ಲೋರಿನ್, ಸಿಬ್ಬಂದಿಯ ಸಂಬಳ, ದುರಸ್ತಿಗೆ. ಮೂರನೆಯದು, ಇಡೀ ಊರು ಹಂಚಿಕೊಳ್ಳುವ ದೊಡ್ಡ ಆಸ್ತಿಗಳ ಖರ್ಚು: ಜಾಕ್‌ವೆಲ್, ಶುದ್ಧೀಕರಣ ಘಟಕ, ಟಾಕಿ, ಮುಖ್ಯ ಕೊಳವೆ, ಒಳಚರಂಡಿಯ ದೊಡ್ಡ ಮಾರ್ಗ, ಕೊಳಚೆ ನೀರು ಶುದ್ಧೀಕರಣ ಘಟಕ.

ಪಾಲು ಶುಲ್ಕ ಎಂದರೆ ಈ ಮೂರನೆಯದರಲ್ಲಿ ಹೊಸ ಮನೆಯ ಪಾಲು.

ಬಡಾವಣೆಯ ಒಳಗೆ ಎಷ್ಟೇ ಚೆನ್ನಾಗಿ ಪೈಪ್ ಹಾಕಿದ್ದರೂ ಊರಿನ ಟಾಕಿ ಅಷ್ಟೇ ಇದ್ದರೆ ಆ ಪೈಪಿನಲ್ಲಿ ಬರುವುದು ಹಳೆಯ ಓಣಿಯವರ ನೀರೇ. ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಬರತೊಡಗಿದರೆ, ಹಳೆಯ ಓಣಿಯವರು ಹೊಸ ಬಡಾವಣೆಯ ಪಾಲನ್ನು ದುಡ್ಡಿನ ಬದಲು ಕೊಡದಲ್ಲಿ ಕಟ್ಟಿದಂತೆ. ಮನೆಯಲ್ಲಿ ಸಿಂಟೆಕ್ಸ್ ಟ್ಯಾಂಕ್, ಬೋರ್ ಇದ್ದವರು ಹೇಗೋ ತೂಗಿಸುತ್ತಾರೆ. ಎರಡು ಕೊಡದಲ್ಲಿ ದಿನ ಕಳೆಯುವ ಮನೆಗೆ ಪೆಟ್ಟು ಬೀಳುತ್ತದೆ. ಆದ್ದರಿಂದ 'ಶುಲ್ಕ ಬೇಡ' ಎಂದರೆ ಖರ್ಚು ಇಲ್ಲ ಎಂದಾಗುವುದಿಲ್ಲ. ಆ ಖರ್ಚನ್ನು ಬೇರೆಯವರು, ಹೆಚ್ಚಾಗಿ ಬಡವರು, ಹೊರುತ್ತಾರೆ.

ಒಂದು ಮನೆಯ ಪಾಲು ಎಷ್ಟು? ಲೆಕ್ಕ ಮಾಡಿ ನೋಡೋಣ

ಭಾರತದಲ್ಲಿ ನೀರು ಯೋಜನೆಗಳಿಗೆ ಕೇಂದ್ರ ನಗರ ವ್ಯವಹಾರಗಳ ಸಚಿವಾಲಯದ ತಾಂತ್ರಿಕ ಸಂಸ್ಥೆಯ ಕೈಪಿಡಿ ಆಧಾರ. ಒಳಚರಂಡಿ ಇರುವ ಅಥವಾ ಬರಲಿರುವ ಊರಿಗೆ ಅದು ಹಿಡಿಯುವ ಪ್ರಮಾಣ ಒಬ್ಬರಿಗೆ ದಿನಕ್ಕೆ 135 ಲೀಟರ್. ಒಳಚರಂಡಿ ಇಲ್ಲದ ಊರಿಗೆ 70 ಲೀಟರ್. ದಾರಿಯಲ್ಲಿ ಸೋರಿ ಹೋಗುವ ನೀರಿಗೆ ಶೇ 15ರವರೆಗೆ ಅವಕಾಶ ಇಡುತ್ತಾರೆ. ಬಳಸಿದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ರೂಢಿಯ ಲೆಕ್ಕ.

200 ಮನೆಗಳ ಒಂದು ಬಡಾವಣೆ, ಮನೆಗೆ 5 ಜನ ಎಂದುಕೊಳ್ಳಿ. ಒಟ್ಟು 1,000 ಜನ. ಅವರಿಗೆ ದಿನಕ್ಕೆ 1,35,000 ಲೀಟರ್ ಬೇಕು. ಸೋರಿಕೆ ಸೇರಿಸಿದರೆ ಘಟಕದಿಂದ ಹೊರಡಬೇಕಾದದ್ದು ಸುಮಾರು 1,58,800 ಲೀಟರ್. ಅಂದರೆ ಮನೆಯೊಂದಕ್ಕೆ ಸುಮಾರು 794 ಲೀಟರ್. ಹೊರಬರುವ ಕೊಳಚೆ ದಿನಕ್ಕೆ 1,08,000 ಲೀಟರ್. ಈ ಕೊಳಚೆ ದಿನವಿಡೀ ಒಂದೇ ಸಮನೆ ಹರಿಯುವುದಿಲ್ಲ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಹಾಗಾಗಿ 20,000 ಜನರವರೆಗಿನ ಪ್ರದೇಶದ ಒಳಚರಂಡಿ ಕೊಳವೆಯನ್ನು ಸರಾಸರಿ ಹರಿವಿನ 3 ಪಟ್ಟು ತಾಳುವಂತೆ ಲೆಕ್ಕ ಹಾಕುತ್ತಾರೆ.

ಈಗ ಹಣಕ್ಕೆ ಬರೋಣ. ಕೆಳಗಿನ ಮೊತ್ತಗಳು ಲೆಕ್ಕ ತೋರಿಸಲು ನಾವು ಊಹಿಸಿಕೊಂಡವು, ಯಾವ ಊರಿನ ನಿಜವಾದ ಯೋಜನೆಯದೂ ಅಲ್ಲ. ಒಂದು ಊರು ದಿನಕ್ಕೆ 40 ಲಕ್ಷ ಲೀಟರ್ ಸಾಮರ್ಥ್ಯ ಹೆಚ್ಚಿಸಲು 12 ಕೋಟಿ ರೂ. ಖರ್ಚು ಮಾಡುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 10 ಲಕ್ಷ ಲೀಟರ್ ಈಗಿರುವ ಓಣಿಗಳ ಕೊರತೆ ತುಂಬಲು, 30 ಲಕ್ಷ ಲೀಟರ್ ಹೊಸ ಬಡಾವಣೆಗಳಿಗೆ. 30 ಲಕ್ಷ ಲೀಟರಿನಲ್ಲಿ ಸುಮಾರು 3,778 ಹೊಸ ಮನೆಗಳಿಗೆ ನೀರು ಕೊಡಬಹುದು.

ಇದೇ ಯೋಜನೆಗೆ ಮೂರು ಬೇರೆ ಉತ್ತರ ಸಾಧ್ಯ.

ಇಡೀ 12 ಕೋಟಿಯನ್ನು ಹೊಸ ಮನೆಗಳ ಮೇಲೆ ಹಾಕಿದರೆ ಮನೆಗೆ ಸುಮಾರು 31,760 ರೂ. ಇದು ಅನ್ಯಾಯ. ಹಳೆಯ ಓಣಿಯ ಕೊರತೆಯನ್ನು ಹೊಸಬರು ತುಂಬಬೇಕಾಗಿಲ್ಲ.

ಹೊಸ ಮನೆಗಳಿಗೆ ಸಂಬಂಧಿಸಿದ 9 ಕೋಟಿಯನ್ನು ಮಾತ್ರ ಹಂಚಿದರೆ ಸುಮಾರು 23,820 ರೂ.

ಯೋಜನೆಯ ಅರ್ಧ ಹಣ ಸರ್ಕಾರದ ಅನುದಾನವಾಗಿ ಬಂದಿದ್ದರೆ, ಅದನ್ನು ಕಳೆದ ಮೇಲೆ ಸುಮಾರು 11,910 ರೂ. ಅನುದಾನದಿಂದ ಕಟ್ಟಿದ್ದಕ್ಕೆ ಮತ್ತೆ ಜನರಿಂದ ವಸೂಲಿ ಮಾಡುವುದು ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ತೆಗೆದುಕೊಂಡಂತೆ.

ಅನುದಾನದ ಮಾತು ಕೇವಲ ಊಹೆಯಲ್ಲ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಅಮೃತ್ 2.0 ಯೋಜನೆಯಲ್ಲಿ 1 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಕಾಮಗಾರಿಗೆ ಕೇಂದ್ರದ ಪಾಲು ಶೇ 50. 2011ರ ಜನಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ ಸುಮಾರು 77 ಸಾವಿರ, ಜಮಖಂಡಿಯಲ್ಲಿ ಸುಮಾರು 69 ಸಾವಿರ, ಮುಧೋಳದಲ್ಲಿ ಸುಮಾರು 52 ಸಾವಿರ ಜನ. ಬೀಳಗಿ ಇವೆಲ್ಲಕ್ಕಿಂತ ಚಿಕ್ಕದು. ಹಾಗಾಗಿ ಶುಲ್ಕದ ಪಟ್ಟಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ: 'ಅನುದಾನ ಕಳೆದಿದ್ದೀರಾ?'

ಸಾಮರ್ಥ್ಯ ಈಗಾಗಲೇ ಹೆಚ್ಚಿದ್ದ ಊರಿನಲ್ಲಿ ಲೆಕ್ಕ ಬೇರೆ ರೀತಿ. ಹಿಂದಿನವರು ದೊಡ್ಡ ಘಟಕ ಕಟ್ಟಿಟ್ಟಿದ್ದರೆ ಹೊಸಬರು ಅದರಲ್ಲಿ ತಮ್ಮ ಪಾಲು 'ಕೊಂಡುಕೊಳ್ಳುತ್ತಾರೆ'. ಆಗ ಆ ಘಟಕದ ಸವಕಳಿ ಮತ್ತು ಅನುದಾನ ಕಳೆದ ಬೆಲೆಯನ್ನು ಒಟ್ಟು ಸಾಮರ್ಥ್ಯದಿಂದ ಭಾಗಿಸಬೇಕು. ಕೂಡು ಕುಟುಂಬದ ಬಾವಿಗೆ ಹೊಸ ಪಾಲುದಾರ ಸೇರುವಾಗ ಕೊಡುವ ಹಣದಂತೆ ಇದು.

'ಇದು ಕಾನೂನಿನಲ್ಲೇ ಇಲ್ಲ' ಎಂಬುದು ನಿಜವೇ?

ಪೂರ್ತಿ ನಿಜವಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 18ನೇ ಪ್ರಕರಣದಂತೆ ಭೂಬಳಕೆ ಬದಲಾವಣೆಗೆ ಅನುಮತಿ ಕೊಟ್ಟಾಗ ಜಮೀನಿನ ಬೆಲೆ ಏರಿದರೆ, ಆ ಏರಿಕೆಯ ಅಂದಾಜಿನ ಮೂರನೇ ಒಂದು ಭಾಗ ಮೀರದಂತೆ ಶುಲ್ಕ ಪಡೆಯಬಹುದು. ನಂತರ ಸೇರಿಸಿದ 18-ಎ ಪ್ರಕರಣ ಇನ್ನೂ ಸ್ಪಷ್ಟ. ಅಭಿವೃದ್ಧಿಗೆ ಅನುಮತಿ ಕೊಡುವಾಗ ನೀರು ಸರಬರಾಜು ಯೋಜನೆಗೆ ಸೆಸ್, ರಿಂಗ್ ರಸ್ತೆಗೆ ಸರ್ಚಾರ್ಜ್, ಕೊಳೆಗೇರಿ ಸುಧಾರಣೆಗೆ ಸೆಸ್, ಸಮೂಹ ಸಾರಿಗೆಗೆ ಸರ್ಚಾರ್ಜ್ ವಿಧಿಸಲು ಅದು ಅವಕಾಶ ಕೊಡುತ್ತದೆ. ಎಲ್ಲ ಸೇರಿ ಆಸ್ತಿಯ ಮಾರುಕಟ್ಟೆ ಬೆಲೆಯ ಹತ್ತನೇ ಒಂದು ಭಾಗ ದಾಟಬಾರದು.

ಇದರಲ್ಲಿ ಎರಡು ಕೊರತೆ ಕಾಣುತ್ತವೆ. ಒಂದು, ಆ ಪಟ್ಟಿಯಲ್ಲಿ ನೀರಿನ ಹೆಸರಿದೆ, ಒಳಚರಂಡಿಯ ಹೆಸರು ಬೇರೆಯಾಗಿ ಇಲ್ಲ. ಒಳಗೆ ಬಂದ ನೀರಿನ ಶೇ 80 ಹೊರಗೆ ಹೋಗಲೇಬೇಕು ಎಂಬುದನ್ನು ನಾವು ಮೇಲೆ ನೋಡಿದೆವು. ಎರಡು, ಮಿತಿ ಇರುವುದು ಜಮೀನಿನ ಬೆಲೆಯ ಮೇಲೆ. ಆದರೆ ಊರಿನ ಘಟಕಕ್ಕೆ ಹೊರೆಯಾಗುವುದು ಲೀಟರ್. ಬಸ್ ಸ್ಟ್ಯಾಂಡ್ ಹತ್ತಿರದ ದುಬಾರಿ ಪ್ಲಾಟಿನ ಮನೆ, ಊರ ಹೊರಗಿನ ಅಗ್ಗದ ಪ್ಲಾಟಿನ ಮನೆಗಿಂತ ಹೆಚ್ಚು ನೀರು ಕುಡಿಯುವುದಿಲ್ಲ. ನಿಜಕ್ಕೂ ದೂರದ ಅಗ್ಗದ ಪ್ಲಾಟಿಗೆ ಕೊಳವೆ ಎಳೆಯುವ ಖರ್ಚೇ ಹೆಚ್ಚು.

ಬೆಂಗಳೂರಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ 32(5ಎ) ಪ್ರಕರಣದಂತೆ ಖಾಸಗಿ ಬಡಾವಣೆ ಮಾಡುವವರಿಂದ ನೀರು, ವಿದ್ಯುತ್, ರಸ್ತೆ ಮೊದಲಾದ ಯೋಜನೆಗಳ ಖರ್ಚಿನ ಒಂದು ಭಾಗವನ್ನು ಪ್ರಾಧಿಕಾರ ಪಡೆಯಬಹುದು. ಗೃಹ ನಿರ್ಮಾಣ ಸಹಕಾರ ಸಂಘಗಳು ಇದನ್ನು ಪ್ರಶ್ನಿಸಿದ್ದವು. 2012ರಲ್ಲಿ ಏರ್‌ಕ್ರಾಫ್ಟ್ ನೌಕರರ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಸಂವಿಧಾನಬದ್ಧ ಎಂದು ಎತ್ತಿಹಿಡಿಯಿತು. ಗಮನಿಸಿ, ಕಾಯ್ದೆಯ ಮಾತು 'ಖರ್ಚಿನ ಒಂದು ಭಾಗ' ಎಂದಿದೆ, 'ಪೂರ್ತಿ ಖರ್ಚು' ಎಂದಿಲ್ಲ.

ಶುಲ್ಕ ಮತ್ತು ತೆರಿಗೆಯ ನಡುವಿನ ಗೆರೆಯೂ ನಮ್ಮ ನೆಲಕ್ಕೆ ಸೇರಿದ ಕತೆಯೇ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿತ್ತು. ತೆರಿಗೆ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ, ಅದಕ್ಕೆ ಪ್ರತಿಯಾಗಿ ಇಂಥದ್ದೇ ಸೇವೆ ಕೊಡಬೇಕೆಂದಿಲ್ಲ. ಶುಲ್ಕ ಹಾಗಲ್ಲ. ಅದಕ್ಕೂ ಕೊಟ್ಟ ಸೇವೆಗೂ ನಂಟು ಇರಬೇಕು. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ವಸೂಲಿ ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಹಾಗಾಗಿ ಸಭೆಯಲ್ಲಿ ಒಂದು ಠರಾವು ಮಾಡಿ 'ಪ್ಲಾಟಿಗೆ ಇಷ್ಟು' ಎಂದು ಬರೆದುಬಿಟ್ಟರೆ ಆಗದು. ಹಿಂದೆ ಕಾಯ್ದೆಯೂ ಬೇಕು, ಲೆಕ್ಕವೂ ಬೇಕು.

'ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ನೀರು ಕೊಡುವುದಿಲ್ಲ'

ಈ ಅನುಮಾನಕ್ಕೆ ಕಾರಣವಿದೆ. 2000ದ ದಶಕದಲ್ಲಿ ಬೆಂಗಳೂರಿನ ಸುತ್ತಲಿನ 7 ನಗರಸಭೆ ಮತ್ತು 1 ಪುರಸಭೆಗೆ ಕಾವೇರಿ ನೀರು ತರುವ ಯೋಜನೆಗೆ ಅಲ್ಲಿನ ನಿವಾಸಿಗಳಿಂದ ಫಲಾನುಭವಿ ವಂತಿಗೆಯನ್ನು ಮುಂಗಡವಾಗಿ ಪಡೆಯಲಾಯಿತು. ಆ ಊರುಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದವು. ಹಣ ಕಟ್ಟಿದ ಎಷ್ಟೋ ಮನೆಗಳು ನೀರಿಗಾಗಿ ವರ್ಷಗಟ್ಟಲೆ ಕಾದು, ಅಲ್ಲಿಯವರೆಗೆ ಟ್ಯಾಂಕರ್‌ಗೂ ದುಡ್ಡು ಸುರಿದವು.

ಜಗತ್ತಿನ ಬೇರೆ ಕಡೆಯೂ ಇದೇ ಅನುಮಾನದಿಂದಲೇ ನಿಯಮಗಳು ಹುಟ್ಟಿವೆ. ಅಮೆರಿಕದ ಫ್ಲಾರಿಡಾದಲ್ಲಿ ಡನೀಡಿನ್ ಎಂಬ ಸಣ್ಣ ಊರಿದೆ. ಹೊಸ ಮನೆಗಳಿಂದ ನೀರು ಮತ್ತು ಒಳಚರಂಡಿಗೆ ಅದು ಪಡೆಯುತ್ತಿದ್ದ ಶುಲ್ಕವನ್ನು ಕಟ್ಟಡ ಗುತ್ತಿಗೆದಾರರು ಪ್ರಶ್ನಿಸಿದರು. 1976ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಹೊಸಬರಿಂದ ಅವರ ಪಾಲಿನ ಖರ್ಚು ಪಡೆಯುವುದು ತಪ್ಪಲ್ಲ. ಆದರೆ ಆ ಹಣವನ್ನು ಅದೇ ಕೆಲಸಕ್ಕೆ ಮೀಸಲಿಡುವ ನಿಯಮ ಊರಿನ ಆದೇಶದಲ್ಲಿ ಇಲ್ಲದ್ದರಿಂದ ಆ ಶುಲ್ಕ ನಿಲ್ಲುವುದಿಲ್ಲ. ಊರು ನಿಯಮ ತಿದ್ದಿಕೊಳ್ಳಬೇಕಾಯಿತು.

ಟೆಕ್ಸಾಸ್ ರಾಜ್ಯ 1987ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ಮೊದಲು ಯಾವ ಕಾಮಗಾರಿ, ಎಷ್ಟು ಖರ್ಚು ಎಂಬ ಯೋಜನೆ ಪ್ರಕಟಿಸಬೇಕು, ಜನರ ಅಹವಾಲು ಕೇಳಬೇಕು, ಹಣವನ್ನು ಬೇರೆ ಖಾತೆಯಲ್ಲಿಡಬೇಕು, 10 ವರ್ಷದೊಳಗೆ ಖರ್ಚಾಗದಿದ್ದರೆ ಹಿಂತಿರುಗಿಸಬೇಕು.

ಇಲ್ಲಿ ಬರುವ ಮುಖ್ಯ ಪಾಠ ಇಷ್ಟು. ಪಾಲು ಶುಲ್ಕವನ್ನು ನ್ಯಾಯವಾಗಿಸುವುದು ಅದರ ಮೊತ್ತ ಮಾತ್ರವಲ್ಲ. ಯೋಜನೆ, ಪಾಲು, ಪ್ರತ್ಯೇಕ ಖಾತೆ, ಗಡುವು, ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಅದು ಶುಲ್ಕವಾಗಿ ಉಳಿಯುವುದಿಲ್ಲ.

'ಲೇಔಟ್ ಮಾಡುವವನು ಕೊಡುತ್ತಾನೆ, ನಮಗೇನು?'

ಚೆಕ್ ಬರೆಯುವವರು ಒಬ್ಬರು, ಹೊರೆ ಹೊರುವವರು ಇನ್ನೊಬ್ಬರು ಆಗಿರಬಹುದು. ಲೇಔಟ್ ಮಾಡುವವರು ಶುಲ್ಕವನ್ನು ಪ್ಲಾಟಿನ ಬೆಲೆಗೆ ಸೇರಿಸಲು ನೋಡುತ್ತಾರೆ. ಪ್ಲಾಟಿಗೆ ಬೇಡಿಕೆ ಹೆಚ್ಚಿದ್ದರೆ ಅದು ಕೊಳ್ಳುವವರ ತಲೆಗೆ ಬರುತ್ತದೆ. ಆದರೆ ದರ ಮೊದಲೇ ಎಲ್ಲರಿಗೂ ಗೊತ್ತಿದ್ದರೆ, ಹೊಲ ಕೊಳ್ಳುವಾಗಲೇ ಲೇಔಟ್ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿದು ಹೊಲದ ಬೆಲೆಯನ್ನು ಅಷ್ಟು ತಗ್ಗಿಸಿ ಮಾತಾಡಬಹುದು. ಹಾಗಾಗಿ ಶುಲ್ಕವನ್ನು ನಡುವೆ ದಿಢೀರ್ ಏರಿಸುವುದಕ್ಕಿಂತ ಮೊದಲೇ ಪ್ರಕಟಿಸುವುದು ಮನೆ ಕಟ್ಟುವವರಿಗೆ ಹೆಚ್ಚು ಅನುಕೂಲ.

ಯಾವಾಗ ಪಡೆಯಬೇಕು ಎಂಬುದೂ ಮುಖ್ಯ. ನಮ್ಮ ಊರುಗಳಲ್ಲಿ ಪ್ಲಾಟ್ ಕೊಂಡು ಮಗಳ ಮದುವೆಗೋ ಮಗನ ಓದಿಗೋ ಎಂದು ಹತ್ತು ವರ್ಷ ಖಾಲಿ ಬಿಡುವವರು ಬಹಳ. ಇಡೀ ಶುಲ್ಕವನ್ನು ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಪಡೆದರೆ ನಳವೇ ಇಲ್ಲದ ಖಾಲಿ ಜಾಗ ನೀರಿನ ಪಾಲು ಕಟ್ಟಿದಂತೆ. ಪೂರ್ತಿ ನಳ ಜೋಡಿಸುವಾಗ ಪಡೆದರೆ ಟಾಕಿ ಕಟ್ಟುವ ಹೊತ್ತಿಗೆ ಕೈಯಲ್ಲಿ ಹಣವಿರುವುದಿಲ್ಲ. ಒಂದು ಭಾಗ ಒಪ್ಪಿಗೆಯ ಹೊತ್ತಿಗೆ, ಉಳಿದದ್ದು ನಳ ಜೋಡಣೆಯ ಹೊತ್ತಿಗೆ ಎಂಬುದು ನಡುದಾರಿ.

ಇನ್ನು ಬಡಾವಣೆಯ ಒಪ್ಪಿಗೆಯನ್ನೇ ಪಡೆಯದ ಪ್ಲಾಟುಗಳು. ಅವು ಯಾವ ಶುಲ್ಕವನ್ನೂ ಕಟ್ಟದೆ ಮಾರಾಟವಾಗುತ್ತವೆ, ಮನೆ ಏಳುತ್ತದೆ, ನಂತರ ನಳ ಬೇಕೆಂದು ಕೇಳುತ್ತವೆ. 2025ರಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಖಾತಾ ಸಿಕ್ಕರೆ ಆಸ್ತಿ ತೆರಿಗೆ ಬರುತ್ತದೆ, ಟಾಕಿಯ ಪಾಲು ಬರುವುದಿಲ್ಲ. ಶುಲ್ಕ ಕಟ್ಟಿ ಕ್ರಮಬದ್ಧವಾಗಿ ಬಡಾವಣೆ ಮಾಡಿದವರೇ ದುಬಾರಿಯಾಗಿ, ಕಟ್ಟದವರು ಅಗ್ಗವಾದರೆ ಊರು ತಪ್ಪು ದಿಕ್ಕಿಗೆ ಬೆಳೆಯುತ್ತದೆ. ಆದ್ದರಿಂದ ನಳ ಜೋಡಿಸುವ ಹಂತದಲ್ಲಿ ಎಲ್ಲ ಮನೆಗೂ ಒಂದೇ ಲೆಕ್ಕ ಇರಬೇಕು. ಕಟ್ಟಲಾಗದವರಿಗೆ ಕಂತು ಕೊಡಬಹುದು.

ನಾಲ್ಕು ಊರಿಗೂ ಒಂದೇ ದರ ಆಗುತ್ತದೆಯೇ?

ಆಗುವುದಿಲ್ಲ. ಪ್ರತಿ ಊರಿನ ಹೊರೆ ಬೇರೆ.

ರಬಕವಿ-ಬನಹಟ್ಟಿ ನಗರಸಭೆಯಲ್ಲಿ ರಾಂಪುರ, ಹೊಸೂರು ಕೂಡ ಸೇರಿವೆ. ಇದು ನೇಕಾರರ ಊರು. ಮನೆಯಲ್ಲಿ ಮಗ್ಗ ಇದೆ ಎಂದಾಕ್ಷಣ ಹೆಚ್ಚು ನೀರು ಬೇಕಾಗುವುದಿಲ್ಲ, ನೇಯ್ಗೆಗೆ ನೀರು ಅಷ್ಟಾಗಿ ಬೇಡ. ನೀರು ಬೇಕಾಗುವುದು ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆ, ಮತ್ತು ಅದರಿಂದ ಹೊರಬರುವ ನೀರು ಬಚ್ಚಲ ನೀರಿನಂತಲ್ಲ. ಹಾಗಾಗಿ ಇಲ್ಲಿ ಮನೆ, ಮಗ್ಗದ ಮನೆ, ಬಣ್ಣದ ಘಟಕ ಎಂದು ಬೇರೆ ದರ ಇರಬೇಕು. 'ವಾಣಿಜ್ಯ' ಎಂದು ಒಂದೇ ಹಣೆಪಟ್ಟಿ ಅಂಟಿಸಿದರೆ ಬಡ ನೇಕಾರನಿಗೆ ಅನ್ಯಾಯ, ಬಣ್ಣದ ಘಟಕಕ್ಕೆ ರಿಯಾಯಿತಿ.

ಮುಧೋಳದಲ್ಲಿ ಘಟಪ್ರಭೆಯ ಪ್ರವಾಹದ ಪ್ರಶ್ನೆ ಇದೆ. 2019ರ ಆಗಸ್ಟ್‌ನ ನೆರೆ ಎಲ್ಲರಿಗೂ ನೆನಪಿದೆ. ನದಿಗೆ ಹತ್ತಿರದ ತಗ್ಗಿನಲ್ಲಿ ಬಡಾವಣೆಯಾದರೆ ಕೊಳಚೆಯನ್ನು ಪಂಪಿನಿಂದ ಮೇಲೆತ್ತಬೇಕು, ಮಳೆಗಾಲದಲ್ಲಿ ಮ್ಯಾನ್‌ಹೋಲ್‌ನಿಂದ ನೀರು ಹಿಂದಕ್ಕೆ ನುಗ್ಗದಂತೆ ಕಾಯಬೇಕು. ಅಂಥ ಕಡೆಯ ಒಳಚರಂಡಿ ಪಾಲು ಎತ್ತರದ ಕಡೆಗಿಂತ ಹೆಚ್ಚಾಗುವುದು ಸಹಜ.

ಜಮಖಂಡಿ ಉಪವಿಭಾಗದ ಕೇಂದ್ರ. ಕಚೇರಿ, ಕಾಲೇಜು, ಆಸ್ಪತ್ರೆ, ಲಾಡ್ಜುಗಳಿಗೆ ದಿನಾ ಹೊರಗಿನ ಜನ ಬರುತ್ತಾರೆ. ಮನೆಗಳನ್ನಷ್ಟೇ ಎಣಿಸಿದರೆ ನೀರಿನ ನಿಜವಾದ ಹೊರೆ ಸಿಗುವುದಿಲ್ಲ. ದೊಡ್ಡ ಕಟ್ಟಡಗಳಿಗೆ ನಳದ ವ್ಯಾಸದ ಮೇಲೆ ಶುಲ್ಕ ನಿಗದಿ ಮಾಡುವುದು ಸುಲಭದ ದಾರಿ. ವ್ಯಾಸ ಹೆಚ್ಚಿದಷ್ಟೂ ಒಮ್ಮೆಲೇ ಎಳೆಯಬಹುದಾದ ನೀರು ಹೆಚ್ಚು.

ಬೀಳಗಿ ಪಟ್ಟಣ ಪಂಚಾಯಿತಿ. ಸಣ್ಣ ಊರಿನಲ್ಲಿ ವರ್ಷಕ್ಕೆ ಕೆಲವೇ ಮನೆ ಏಳುತ್ತವೆ. ಆ ಕೆಲವು ಮನೆಗಳ ಶುಲ್ಕದಿಂದ ಕೊಳಚೆ ಶುದ್ಧೀಕರಣ ಘಟಕ ಕಟ್ಟುತ್ತೇವೆ ಎಂದರೆ ಅದು ಆಗದ ಮಾತು. ಇಂಥ ಊರಿಗೆ ಅನುದಾನವೇ ಆಧಾರ. 1 ಲಕ್ಷದೊಳಗಿನ ಊರುಗಳ ಬಳಸಿದ ನೀರಿನ ನಿರ್ವಹಣೆ ಸ್ವಚ್ಛ ಭಾರತ ಮಿಷನ್ 2.0ರ ವ್ಯಾಪ್ತಿಯಲ್ಲಿದೆ. ಇಲ್ಲಿ ಪಾಲು ಶುಲ್ಕ ಸಣ್ಣದಾಗಿರಲಿ, ಪಂಪು ಬದಲಿಸುವಂಥ ಕೆಲಸಕ್ಕೆ ಕೂಡಿಡುವ ಹಣವಾಗಿರಲಿ. ಕೈಪಿಡಿಯಂತೆ ಪಂಪುಗಳ ಆಯುಷ್ಯವನ್ನು 15 ವರ್ಷ, ಹೆಚ್ಚಿನ ಕೊಳವೆಗಳದ್ದನ್ನು 30 ವರ್ಷ ಎಂದು ಹಿಡಿಯುತ್ತಾರೆ.

ಈ ನಾಲ್ಕೂ ತಾಲ್ಲೂಕುಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯ ಮುಳುಗಡೆ. ಆಲಮಟ್ಟಿಯ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಆಗ ಮನೆ ಕಳೆದುಕೊಂಡವರು ಪುನರ್ವಸತಿ ಕೇಂದ್ರಗಳಿಗೆ ಬರುತ್ತಾರೆ. ಅವರು ಲೆಕ್ಕದಲ್ಲಿ 'ಹೊಸ ಮನೆ'ಗಳು ನಿಜ. ಆದರೆ ತಮ್ಮ ಇಷ್ಟದಿಂದ ಬಂದವರಲ್ಲ. ಅವರ ಪಾಲನ್ನು ಅಣೆಕಟ್ಟೆಯ ಯೋಜನೆಯೇ ಕಟ್ಟಬೇಕೇ ಹೊರತು ಅವರಾಗಲಿ, ಅಕ್ಕಪಕ್ಕದ ಪ್ಲಾಟಿನವರಾಗಲಿ ಅಲ್ಲ. ಬಡವರ ಮನೆಗೆ ವಿನಾಯಿತಿ ಕೊಡುವಾಗಲೂ ಇದೇ ನಿಯಮ. ಬಿಟ್ಟುಕೊಟ್ಟ ಹಣವನ್ನು ಸರ್ಕಾರದ ಅಥವಾ ಊರಿನ ಸಾಮಾನ್ಯ ನಿಧಿಯಿಂದ ತುಂಬಬೇಕು, ಉಳಿದ ಹೊಸ ಮನೆಗಳ ಮೇಲೆ ಹೇರಬಾರದು.

ಪಾಲು ಕೊಟ್ಟು ನೀರು ನಿಲ್ಲಿಸಿದ ಊರು ಇದೇ

'ನಮ್ಮ ಜನ ದುಡ್ಡು ಕೊಡುವುದಿಲ್ಲ' ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೆ ಉತ್ತರ ಜಮಖಂಡಿ ತಾಲ್ಲೂಕಿನಲ್ಲೇ ಇದೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಹಾಕಿ, ಕಲ್ಲು ಮಣ್ಣು ಹೊತ್ತು ನದಿಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಿಟ್ಟರು. ಯಾವ ಕೆಲಸಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು. ಕೊಟ್ಟ ಹಣ ಗೋಡೆಯಾಗಿ ಏಳುವುದು ಕಣ್ಣೆದುರು ಕಾಣುತ್ತಿತ್ತು. ಪಾಲು ಶುಲ್ಕದ ಎಲ್ಲ ನಿಯಮಗಳೂ ಕೊನೆಗೆ ಕೇಳುವುದು ಇದನ್ನೇ.

ಮುಂದಿನ ಸಲ ಪ್ಲಾಟ್ ನೋಡಲು ಹೋದಾಗ, ಅಥವಾ ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ, ಈ ಐದು ಪ್ರಶ್ನೆ ಕೇಳಿ ನೋಡಿ.

1. ಈ ಬಡಾವಣೆಯ ನೀರು ಯಾವ ಟಾಕಿಯಿಂದ ಬರುತ್ತದೆ, ಆ ಟಾಕಿಗೆ ಇನ್ನೂ ಎಷ್ಟು ಮನೆ ತಾಳುವ ಶಕ್ತಿ ಇದೆ?
2. ಕೊಳಚೆ ನೀರು ಎಲ್ಲಿ ಶುದ್ಧವಾಗುತ್ತದೆ? ಗಟಾರ ಹಳ್ಳಕ್ಕೆ ಸೇರಿ ಅಲ್ಲಿಂದ ಹೊಳೆಗೆ ಹೋಗುತ್ತದೆಯೇ?
3. ಪಡೆದ ಶುಲ್ಕವನ್ನು ಯಾವ ಕಾಮಗಾರಿಯ ಯಾವ ಅಂದಾಜಿನ ಮೇಲೆ ಲೆಕ್ಕ ಹಾಕಿದ್ದಾರೆ? ಅನುದಾನ ಕಳೆದಿದ್ದಾರೆಯೇ?
4. ಆ ಹಣ ಪ್ರತ್ಯೇಕ ಖಾತೆಯಲ್ಲಿದೆಯೇ, ಅಥವಾ ಸಂಬಳ-ಬೀದಿದೀಪದ ಖರ್ಚಿಗೆ ಸೇರಿಹೋಗಿದೆಯೇ?
5. ಎಷ್ಟು ವರ್ಷದೊಳಗೆ ಆ ಕೆಲಸ ಮುಗಿಯುತ್ತದೆ?

ಮೊದಲೆರಡು ಪ್ರಶ್ನೆ ಕೊಳ್ಳುವವರ ಹಿತಕ್ಕೆ, ಉಳಿದ ಮೂರು ಇಡೀ ಊರಿನ ಹಿತಕ್ಕೆ. ಕೊನೆಯ ಮೂರಕ್ಕೆ ಬಾಯಿಮಾತಿನ ಉತ್ತರ ಸಾಲದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಲಿಖಿತವಾಗಿ ಕೇಳಬಹುದು. ಉತ್ತರ ಸಿಕ್ಕರೆ, ನಿಮ್ಮ ಮನೆಯ ಪಾಲನ್ನು ಲೆಕ್ಕ ಹಾಕಲು ಮೇಲಿನ ಗಣಿತ ಸಾಕು.